ಗುಣವೆಂಬ ಎಳೆ



ಹಿಂದೂಪುರದ ಸಂತೆಯಲ್ಲಿ ಕಿಲೋಗೆ 120 ರೂಪಾಯಿಯಂತೆ ಅರ್ಧ ಕಿಲೋ ಹುಣಿಸೆಹಣ್ಣು ಕೊಳ್ಳುವ ತಾಯಿಗೆ ಲೆಕ್ಕದ ತೊಡಕೇನೂ ಇರದು. ಆದರೆ ಆಕೆಯ ಸೆರಗು ಹಿಡಿದು ನಿಂತ ಬಾಲಕನಿಗೆ, 120ನ್ನು ಅರ್ಧದಿಂದ ಗುಣಿಸಿದೊಡನೆ ಅದು 60ಕ್ಕೆ ಇಳಿಯುವುದು ಸೋಜಿಗವಾಗಿ ತೋರಿದರೆ, ಆ ಸೋಜಿಗವನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಗುಣವೆಂದರೆ ಒಳಿತಲ್ಲವೆ? ಜ್ವರ ಬಿಟ್ಟವನನ್ನು ‘ಗುಣವಾಯಿತೆ’ ಎಂದು ವಿಚಾರಿಸುವ ನಾವು, ಗುಣಿಸಿದ ಮೇಲೂ ಕುಗ್ಗುವ ಸಂಖ್ಯೆಗೆ ಏನೆನ್ನೋಣ? ಆಂಗ್ಲ ಬಾಲಕರ ಸಂಕಟವೂ ಇದೇ. ಅವರ ‘ಮಲ್ಟಿಪ್ಲೈ’ ಎಂಬ ಮಾತೂ ದಿನಬಳಕೆಯಲ್ಲಿ ವೃದ್ಧಿಯನ್ನಲ್ಲದೆ ಬೇರೆಯದನ್ನು ಅರಿಯದು.

ಗುಣಶಬ್ದಕ್ಕೆ ಸಂಸ್ಕೃತದಲ್ಲಿ ದಾರ, ಹಗ್ಗದ ಎಳೆ, ಬಿಲ್ಲಿನ ಹೆದೆ ಎಂಬ ಅರ್ಥಗಳೂ ಉಂಟು. ಆದುದರಿಂದ ದ್ವಿಗುಣವೆಂದರೆ ಎರಡೆಳೆಯದು. ನಮ್ಮ ಇಮ್ಮಡಿ ಮುಮ್ಮಡಿಗಳಲ್ಲಿ ಇರುವುದೂ, ಆಂಗ್ಲಶಬ್ದದ ಹಿಂದಿರುವ ಲ್ಯಾಟಿನ್ ಧಾತು ಹೇಳುವುದೂ ಮಡಿಸುವ ಕ್ರಿಯೆಯನ್ನೇ. (ಇಮ್ಮಡಿ ಪುಲಕೇಶಿಯೆಂದರೆ ಮೊದಲನೆಯವನ ಎರಡರಷ್ಟು ಎಂದರ್ಥವಲ್ಲ, ಕೀರ್ತಿಯನ್ನಳೆದರೆ ಅದಕ್ಕೂ ಮಿಗಿಲೇ ಆದಾನು.) ಕಲ್ಯಾಣದುರ್ಗದ ಕಡೆಯ ರೈತನೊಬ್ಬನು ಎಂಟು ಮೊಳದ ಹಗ್ಗವನ್ನು ನಡುವೆ ಮಡಿಸಿ ಇಮ್ಮಡಿ ಮಾಡಿದನೆನ್ನಿ: ಎಳೆ ಎರಡಾಯಿತು, ಉದ್ದ ನಾಲ್ಕೇ ಮೊಳವಾಯಿತು. ಎಳೆಯನ್ನು ಎರಡರಿಂದ ಗುಣಿಸಿದ ಆ ಕೈಯೇ ಉದ್ದವನ್ನು ಅರ್ಧದಿಂದ ಗುಣಿಸಿತು. ಆಡುಮಾತು ಎಳೆಯನ್ನು ಮಾತ್ರ ಕಂಡು ಹೆಚ್ಚಿತೆಂದಿತು. ಗಣಿತವು ಉದ್ದವನ್ನೂ ಮರೆಯಲಿಲ್ಲ. ಕಾಲುಮಗ್ಗಿ, ಅರೆಮಗ್ಗಿಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ನಮ್ಮ ಹಿರಿಯರಿಗೆ ಈ ಕುಗ್ಗುವಿಕೆ ವಿಚಿತ್ರವೆನಿಸಿರಲಾರದು.

ಈ ಕುಗ್ಗುವಿಕೆಯ ಕೊನೆಯ ಮೆಟ್ಟಿಲು ಶೂನ್ಯದ ಗುಣಾಕಾರ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಶೂನ್ಯದಿಂದ ಗುಣಿಸಿದ ರಾಶಿ ಶೂನ್ಯವೇ ಆಗುವುದೆಂದು ಸರಿಯಾಗಿಯೇ ಹೇಳಿದನು; ಶೂನ್ಯದಿಂದ ಭಾಗಿಸಿದರೆ ರಾಶಿ ಬದಲಾಗದೆಂದು ಹೇಳಿ ಮಾತ್ರ ಎಡವಿದನು. ಆ ಸಂಸ್ಕೃತಗ್ರಂಥವನ್ನು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು; 12ನೆಯದರಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಎರಡು ನುಡಿಗಳೂ ಒಂದೇ ಅಂಗಳದಲ್ಲಿ ಆಡುವ, ಹಿಂದೂಪುರ ಕಲ್ಯಾಣದುರ್ಗಗಳ ಈ ಗಡಿನಾಡಿನಲ್ಲಿ ನಿಂತು ನೋಡುವವನಿಗೆ ಇದು ಹೊರಗಿನವರ ಸಂಗತಿಯೆನಿಸದು.

ಈ ಸೀಮೆಯ ಕನ್ನಡದ ಮನೆಯ ಮಗುವು ಮನೆಯಲ್ಲಿ ಕಾಗುಣಿತವನ್ನೂ, ಶಾಲೆಯಲ್ಲಿ ತೆಲುಗಿನ ಗುಣಿಂತವನ್ನೂ ತಿದ್ದುವುದು; ಈ ಎರಡು ಹೆಸರುಗಳಲ್ಲಿಯೂ ಗುಣಿಸುವ ಮಾತೇ ಅಡಗಿದೆ. ಒಂದು ವ್ಯಂಜನವನ್ನು ಸ್ವರಗಳಿಂದ ಒಂದೊಂದಾಗಿ ಗುಣಿಸುತ್ತ ಹೋದರೆ ಕಾ, ಕಿ, ಕೀ ಎಂದು ಸಾಲು ಬೆಳೆಯುವುದು. ಆ ಸಾಲಿನ ಕೊನೆಗೆ, ವಿಸರ್ಗಕ್ಕೆ ಮುನ್ನ ಬರುವ ಬಿಂದುವಿಗೆ ಕನ್ನಡಿಗರು ಸೊನ್ನೆಯೆನ್ನುವರು, ತೆಲುಗರು ಸುನ್ನ ಎನ್ನುವರು. ಲೆಕ್ಕದ ಶೂನ್ಯಕ್ಕೂ ಅವೇ ಹೆಸರುಗಳು. ಐದಕ್ಕೆ ಸೊನ್ನೆಯ ಗುಣಾಕಾರವಾದರೆ ಐದು ಅಳಿದುಹೋಗುವುದು; ಕಕಾರವಾದರೋ ಸೊನ್ನೆಯನ್ನು ಮಗ್ಗುಲಲ್ಲಿಟ್ಟುಕೊಂಡು ‘ಕಂ’ ಎಂದು ಮೂಗಿನಲ್ಲಿ ನುಡಿಯುವುದು.