ಅಕ್ಷರವಿಲ್ಲದ ಗುಡಿಗಳು

ದೇವಸ್ಥಾನಕ್ಕೆ ಹೋದರೆ ಕೆಲವರ ಕಣ್ಣು ಗೋಪುರಕ್ಕೆ ಹೋಗುತ್ತದೆ, ಕೆಲವರದು ಮೂರ್ತಿಗೆ. ಕನ್ನಡ ಪಂಡಿತನಾದ ನನ್ನ ಕಣ್ಣು ಶಾಸನವೆಲ್ಲಿದೆಯೆಂದು ಹುಡುಕುತ್ತದೆ. ಕಟ್ಟಿಸಿದವರು ಯಾರು, ದತ್ತಿ ಬಿಟ್ಟವರು ಯಾರು, ಶಕವರ್ಷ ಯಾವುದು, ಇಷ್ಟು ತಿಳಿದರೇನೇ ನನಗೆ ಸಮಾಧಾನ. ಈ ಅಭ್ಯಾಸ ಏನೂ ಉಪಯೋಗಕ್ಕೆ ಬಾರದ ಒಂದು ಸ್ಥಳಕ್ಕೆ ಕಳೆದ ಬೇಸಿಗೆ ರಜೆಯಲ್ಲಿ ಹೋಗಿ ಬಂದೆ. ಅದನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಮಕ್ಕಳ ಭೂಪಟವಿದ್ದರೆ ತೆರೆದು ನೋಡಿ. ಇಟಲಿಯ ಕಾಲ ತುದಿಗೆ ಸಿಸಿಲಿ ದ್ವೀಪ. ಅದರ ದಕ್ಷಿಣಕ್ಕೆ, ಸುಮಾರು 90 ಕಿಲೋಮೀಟರು ದೂರದಲ್ಲಿ, ಮೆಡಿಟರೇನಿಯನ್ ಸಮುದ್ರದ ನಡುವೆ ಸಾಸಿವೆ ಕಾಳು ಚೆಲ್ಲಿದಂತೆ ಕಾಣುವುವು ಮಾಲ್ಟಾ ದ್ವೀಪಗಳು. ಮುಖ್ಯ ದ್ವೀಪದ ದಕ್ಷಿಣ ಕರಾವಳಿಯ ಗುಡ್ಡದ ಮೇಲೆ, ಸಮುದ್ರಕ್ಕೆ ಎದುರಾಗಿ, ಹಜರ್ ಈಮ್ ಎಂಬ ಗುಡಿಯಿದೆ. ಇಳಿಜಾರಿನಲ್ಲಿ ಸ್ವಲ್ಪ ದೂರ ನಡೆದರೆ ಇಮ್ನಾಯ್ದ್ರ ಎಂಬ ಇನ್ನೊಂದು ಗುಡಿಗಳ ಗುಂಪು.

ಹಜರ್ ಈಮ್ ಗುಡಿ ಕ್ರಿಸ್ತಪೂರ್ವ 3600ರಿಂದ 3200ರ ನಡುವಿನದೆಂದು ವಿದ್ವಾಂಸರು ಹೇಳುತ್ತಾರೆ. ಈಜಿಪ್ಟಿನ ಮಹಾ ಪಿರಮಿಡ್ಡಿಗಿಂತ ಅದು ಆರುನೂರು ವರ್ಷಕ್ಕೂ ಹೆಚ್ಚು ಹಿರಿಯದು. ಕಟ್ಟಿದವರ ಬಳಿ ಕಬ್ಬಿಣವಿರಲಿಲ್ಲ, ತಾಮ್ರವೂ ಇರಲಿಲ್ಲ. ಚಕಮಕಿ ಕಲ್ಲು, ಪ್ರಾಣಿಗಳ ಕೊಂಬು, ಜ್ವಾಲಾಮುಖಿಯಿಂದ ಹುಟ್ಟಿದ ಗಾಜಿನಂಥ ಕಪ್ಪು ಕಲ್ಲು, ಇವೇ ಅವರ ಸಲಕರಣೆ. ಆ ಕಪ್ಪು ಕಲ್ಲಾದರೂ ಊರಿನದಲ್ಲ. ಲಿಪಾರಿ, ಪಾಂಟೆಲ್ಲೇರಿಯ ಎಂಬ ದ್ವೀಪಗಳಿಂದ ದೋಣಿಯಲ್ಲಿ ಬರಬೇಕಾಗಿತ್ತು. ಇಷ್ಟರಿಂದಲೇ ಅವರು ನಿಲ್ಲಿಸಿದ ಕಲ್ಲುಗಳಲ್ಲಿ ಒಂದು ಆರು ಮೀಟರಿಗೂ ಉದ್ದವಾಗಿದೆ. ತೂಕ 20 ಟನ್ನಿಗೆ ಕಡಿಮೆಯಿಲ್ಲವೆಂದು ಅಂದಾಜು. ನೆರೆಯ ಗೋಜೋ ದ್ವೀಪದಲ್ಲಿ ಇಂಥದೇ ಗುಡಿಯೊಂದನ್ನು ಕಂಡ ಹಳ್ಳಿಗರು, ಕೂಸನ್ನು ಹೆಗಲಿಗೆ ಹಾಕಿಕೊಂಡ ರಕ್ಕಸಿಯೊಬ್ಬಳು ಈ ಕಲ್ಲುಗಳನ್ನು ಹೊತ್ತು ತಂದಳೆಂದು ಕಥೆ ಕಟ್ಟಿದರು. ಆ ಕಲ್ಲುಗಳ ಮುಂದೆ ನಿಂತರೆ ಹಳ್ಳಿಗರ ಮೇಲೆ ತಪ್ಪು ಹೊರಿಸಲಾಗುವುದಿಲ್ಲ.

ಎರಡು ಕಂಬದಂತೆ ನಿಂತ ಕಲ್ಲು, ಮೇಲೊಂದು ಅಡ್ಡ ಕಲ್ಲು. ಅದೇ ಬಾಗಿಲು. ಒಳಗೆ ಓಣಿಯಂಥ ದಾರಿ. ಎರಡು ಪಕ್ಕದಲ್ಲಿಯೂ ಅರ್ಧಚಂದ್ರಾಕಾರದ ಕೋಣೆಗಳು. ಕೆಲವು ಕಲ್ಲುಗಳ ಮೈತುಂಬ ಒತ್ತಾಗಿ ಕೊರೆದ ಚುಕ್ಕೆಗಳು. ಅವನ್ನು ಕಂಡದ್ದೇ ತಡ, ಅಕ್ಷರವಿದ್ದೀತೆಂಬ ಆಸೆಯಿಂದ ನನ್ನ ಕೈ ಕಲ್ಲಿನ ಮೇಲೆ ಹೋಯಿತು. ಕಾವಲುಗಾರ ಬೇಡವೆಂದು ಕೈಸನ್ನೆ ಮಾಡಿದ. ನಾಚಿಕೆಯಿಂದ ಕೈ ಹಿಂದೆಗೆದು ನೋಡಿಕೊಂಡೆ. ಬೆರಳ ತುದಿಗೆ ಬಿಳಿಯ ಹುಡಿ ಅಂಟಿತ್ತು. ಅದು ಧೂಳಲ್ಲ, ಗುಡಿಯೇ.

ಅಕ್ಷರ ಅಲ್ಲಿ ಎಲ್ಲಿಯೂ ಇಲ್ಲ. ಕಟ್ಟಿದವರಿಗೆ ಲಿಪಿಯಿರಲಿಲ್ಲ. ತಾರ್ಶೀನ್ ಎಂಬಲ್ಲಿಯ ಬಲಿಪೀಠದ ಪೊಟರೆಯಲ್ಲಿ ಚಕಮಕಿಯ ಚೂರಿಯೂ ಪ್ರಾಣಿಗಳ ಎಲುಬೂ ಸಿಕ್ಕಿದವು. ಆದರೆ ಬಲಿ ಕೊಂಡ ದೈವದ ಹೆಸರನ್ನು ಹೇಳುವವರಿಲ್ಲ. ಒಂದೇ ಒಂದು ವಾಕ್ಯವನ್ನು ಮಾತ್ರ ಅವರು ಬರೆದಿಟ್ಟರೆಂದು ನನಗೆ ತೋರುತ್ತದೆ. ಹಗಲೂ ಇರುಳೂ ಸಮನಾಗುವ ದಿನ ಮೂಡುವ ಸೂರ್ಯನ ಕಿರಣ ಇಮ್ನಾಯ್ದ್ರದ ದಕ್ಷಿಣದ ಗುಡಿಯ ಬಾಗಿಲಲ್ಲಿ ಹೊಕ್ಕು ನಟ್ಟನಡುವೆ ಒಳಕ್ಕೆ ಸಾಗುತ್ತದೆ. ಅತಿ ದೀರ್ಘವಾದ ಹಗಲಿನ ದಿನ ಅದು ದಾರಿಯ ಒಂದು ಪಕ್ಕದ ಕಲ್ಲಂಚಿಗೂ, ಅತಿ ಹ್ರಸ್ವವಾದ ಹಗಲಿನ ದಿನ ಇನ್ನೊಂದು ಪಕ್ಕದ ಕಲ್ಲಂಚಿಗೂ ಬೀಳುತ್ತದೆ. ಇದನ್ನು ಕಾಕತಾಳೀಯವೆನ್ನಲು ನನಗೆ ಮನಸ್ಸಾಗಲಿಲ್ಲ.

ಇನ್ನು ಆ ಬಿಳಿಯ ಹುಡಿಯ ವಿಷಯ. ಹಜರ್ ಈಮಿನ ಸುಣ್ಣಕಲ್ಲು ಬಹಳ ಮೆದು. ಮೆದುವೆಂದೇ ಅದನ್ನು ಕೆತ್ತಲಾಯಿತು; ಮೆದುವೆಂದೇ ಅದು ಸವೆಯುತ್ತಿದೆ. ಮಣ್ಣು ಮುಚ್ಚಿದ್ದಷ್ಟು ಕಾಲ ಬಹುಭಾಗ ಸುರಕ್ಷಿತವಾಗಿತ್ತು. 1839ರಲ್ಲಿ ಅಗೆದು ತೆಗೆದ ಮೇಲೆ ಮಳೆ, ಬಿಸಿಲು, ಉಪ್ಪುಗಾಳಿ ಮೂರೂ ಸೇರಿ ಕಲ್ಲಿನ ಮೈಯನ್ನು ಉದುರಿಸತೊಡಗಿದವು. ಪ್ರಕೃತಿ ಸಾಲದೆಂಬಂತೆ 2001ರ ಏಪ್ರಿಲಿನ ಒಂದು ರಾತ್ರಿ ದುಷ್ಟರು ಇಮ್ನಾಯ್ದ್ರದಲ್ಲಿ ಸುಮಾರು 60 ಕಲ್ಲುಗಳನ್ನು ಕೆಡವಿದರು. ಅವನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾಯಿತು. 2009ರಲ್ಲಿ ಎರಡು ಸ್ಥಳಗಳಿಗೂ ಡೇರೆಯಂಥ ದೊಡ್ಡ ಹೊದಿಕೆ ಕಟ್ಟಿದರು. ಆಕಾಶದ ಕೆಳಗೆ ನಿಂತ ಗುಡಿಯ ಅಂದ ಕೆಟ್ಟಿತೆಂದು ಮೊದಲ ನೋಟಕ್ಕೆ ನನಗೂ ಅನಿಸಿತು.

ಮರುದಿನ ಪಾವ್ಲಾ ಎಂಬ ಊರಿಗೆ ಹೋದೆ. ಅಲ್ಲಿ ನೆಲದಡಿಯ ಬಂಡೆಯನ್ನೇ ಕೊರೆದು ಮಾಡಿದ ಸಮಾಧಿಮಂದಿರವಿದೆ. ಹೊಸ ಮನೆಗಳಿಗೆ ನೀರಿನ ತೊಟ್ಟಿ ಅಗೆಯುತ್ತಿದ್ದ ಕೆಲಸಗಾರರಿಗೆ 1902ರಲ್ಲಿ ಸಿಕ್ಕಿದ್ದು. ಮನುಷ್ಯರ ಉಸಿರಿನ ತೇವವೇ ಅದರ ಕೆಮ್ಮಣ್ಣಿನ ಚಿತ್ರಗಳಿಗೆ ಅಪಾಯವೆಂದು ದಿನಕ್ಕೆ ಕೆಲವೇ ಮಂದಿಯನ್ನು ಒಳಗೆ ಬಿಡುತ್ತಾರೆ. ಮುಂಗಡವಾಗಿ ಟಿಕೀಟು ಪಡೆಯದ ನಾನು ಹೊರಗುಳಿದೆ. ಸಮುದ್ರ ದಾಟಿ ಬಂದವನಿಗೆ ಸಿಟ್ಟು ಬಾರದಿದ್ದೀತೆ? ಬಾಗಿಲ ಬಳಿಯೇ ನಿಂತು ಹಿಂದಿನ ದಿನದ ನನ್ನ ಬೆರಳನ್ನು ನೆನೆದೆ. ಸಿಟ್ಟು ತಾನಾಗಿ ಇಳಿಯಿತು.

ಓಲೆಗರಿ ಜೀರ್ಣವಾದರೆ ಇನ್ನೊಂದು ಪ್ರತಿ ಮಾಡಿಕೊಳ್ಳಬಹುದು. ಹಾಗೆ ಪ್ರತಿ ಮಾಡಿದವರ ಉಪಕಾರದಿಂದಲೇ ನಮ್ಮಂಥವರು ಹಳಗನ್ನಡ ಓದಿದೆವು. ಆ ಜನ ಬಿಟ್ಟುಹೋದ ಗ್ರಂಥಕ್ಕೆ ಎರಡನೆಯ ಪ್ರತಿಯಿಲ್ಲ. ಕಲ್ಲೇ ಮೊದಲು, ಕಲ್ಲೇ ಕೊನೆ. ಸಾವಿರಾರು ವರ್ಷ ಮಣ್ಣು ಅದನ್ನು ಕಾಯ್ದಿತ್ತು. ಆ ಕಾವಲನ್ನು ಕಿತ್ತುಹಾಕಿದವರು ಮನುಷ್ಯರು. ಇನ್ನು ಮುಂದೆ ಕಾಯಬೇಕಾದವರೂ ಅವರೇ. ನೀವು ಎಂದಾದರೂ ಅಲ್ಲಿಗೆ ಹೋದರೆ ಕಣ್ಣು ತುಂಬ ನೋಡಿ ಬನ್ನಿ. ಕೈಯನ್ನು ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡಿರಿ.