ಅಳಿಯಕಟ್ಟು ಮತ್ತು ಕರಾವಳಿಯ ಸಿರಿ



ಒಂದು ಸೀಮೆಯ ಸಿರಿತನಕ್ಕೆ ಕಾರಣ ಹುಡುಕುವಾಗ ಮಳೆ, ಮಣ್ಣು, ಬಂದರುಗಳ ಲೆಕ್ಕ ಹಾಕುವುದುಂಟು. ಮದುವೆಯಾದ ಹೆಣ್ಣು ಯಾವ ಮನೆಗೆ ಸೇರಿದವಳು, ಆಸ್ತಿ ಯಾರಿಗೆ ಇಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. ತುಳುನಾಡಿನ ಅಳಿಯಸಂತಾನ ಪದ್ಧತಿ ಈ ದೃಷ್ಟಿಯಿಂದ ಗಮನಾರ್ಹ.

ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿದ್ದ ಈ ಕಟ್ಟಿನಲ್ಲಿ ವಂಶ ಬೆಳೆಯುವುದು ಹೆಣ್ಣಿನಿಂದ. ಮಗಳ ಮಕ್ಕಳು ಕುಟುಂಬದವರು. ಮಗನ ಮಕ್ಕಳು ಅವರ ತಾಯಿಯ ಕುಟುಂಬದವರು. ಯಜಮಾನನ ಉತ್ತರಾಧಿಕಾರಿ ಮಗನಲ್ಲ, ಸೋದರಿಯ ಮಗ. ಹೆಂಗಸೂ ಯಜಮಾನಿಕೆ ವಹಿಸಬಹುದಿತ್ತು. ಗಂಡ ತೀರಿದರೂ, ಮದುವೆ ಮುರಿದರೂ ಆಕೆಗೆ ತಾಯಿಮನೆಯ ಹಕ್ಕು ತಪ್ಪುತ್ತಿರಲಿಲ್ಲ.

ಈ ಭದ್ರತೆಗೆ ಒಂದು ಬೆಲೆಯೂ ಇತ್ತು. ಸದಸ್ಯನೊಬ್ಬ ಪಾಲು ಕೊಡಿರೆಂದು ಒತ್ತಾಯಿಸುವಂತಿಲ್ಲವೆಂದು 1863ರಲ್ಲಿ ಮದ್ರಾಸು ಹೈಕೋರ್ಟು ತೀರ್ಪಿತ್ತಿತು. ಗದ್ದೆ ಚೂರಾಗದೆ ಉಳಿಯಿತು, ನಿಜ. ಆದರೆ ಕಿರಿಯ ಸದಸ್ಯನಿಗೆ ಊಟಕ್ಕೆ ಕೊರತೆಯಿಲ್ಲದಿದ್ದರೂ, ಅಡವಿಟ್ಟು ಸಾಲ ತರಲು ತನ್ನದೆಂಬ ತುಂಡು ನೆಲವಿರಲಿಲ್ಲ.

ಹಾಗಾದರೆ ಈ ಪದ್ಧತಿಯೇ ಉದ್ಯಮಕ್ಕೆ ತೊಡಕಾಯಿತೇ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. 1906ರಲ್ಲಿ ಮಂಗಳೂರಿನ ಕೆನರಾ ಬ್ಯಾಂಕ್, ಉಡುಪಿಯ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ್ದು ಮಕ್ಕಳಸಂತಾನದ ಸಮುದಾಯಗಳವರಿಂದ. ಆದರೆ 1931ರಲ್ಲಿ ವಿಜಯಾ ಬ್ಯಾಂಕನ್ನು ಕಟ್ಟಿದವರು ಅತ್ತಾವರ ಬಾಲಕೃಷ್ಣ ಶೆಟ್ಟಿ ಮತ್ತು ಅವರ ಜೊತೆಗಾರ ಬಂಟರು. ಪಾಲಿಗೆ ಅವಕಾಶ ಕೊಟ್ಟ ಮದ್ರಾಸು ಅಳಿಯಸಂತಾನ ಕಾಯಿದೆ ಬಂದದ್ದು ಅದಾಗಿ 18 ವರ್ಷದ ಮೇಲೆ, 1949ರಲ್ಲಿ. ಕುಟುಂಬದ ಕಟ್ಟು ಒಂದೇ ಸಿರಿತನವನ್ನು ತರುವುದೂ ಇಲ್ಲ, ತಡೆಯುವುದೂ ಇಲ್ಲ. ಬಂದರು, ಶಾಲೆ, ಮುಂಬಯಿಯ ದುಡಿಮೆ, ಗೇಣಿದಾರರನ್ನು ಒಡೆಯರನ್ನಾಗಿಸಿದ 1974ರ ಭೂಸುಧಾರಣೆ, ಇವೆಲ್ಲವೂ ಅದರೊಡನೆ ಕೂಡಿ ಕೆಲಸ ಮಾಡುತ್ತವೆ.

ಆದರೆ ಕಟ್ಟು ಬದಲಾದಾಗ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಸ್ವತ್ತಿನಲ್ಲಿ ಮಕ್ಕಳಿಗೆ ಪಾಲು ಕೊಟ್ಟಿತು, ಅದು ನ್ಯಾಯವೇ. ಅದೇ ಕಾಯಿದೆ ಕುಟುಂಬದ ಆಸ್ತಿಯಲ್ಲಿ ತನಗಿರುವ ಹಿತವನ್ನು ಉಯಿಲಿನ ಮೂಲಕ ಯಾರಿಗೆ ಬೇಕಾದರೂ ಬರೆಯಲು ಸದಸ್ಯನಿಗೆ ಅನುಮತಿಯಿತ್ತಿತು. ಹಿಂದೆ ಹೆಣ್ಣಿಗೆ ಹುಟ್ಟಿನಿಂದ ಬರುತ್ತಿದ್ದ ನೆಲೆ ಈಗ ಇನ್ನೊಬ್ಬರ ಸಹಿಗೆ ಕಾಯುವಂತಾಯಿತು. ಸೀಮೆಯೊಂದು ಸಿರಿವಂತವಾಯಿತೆಂದು ಹೇಳುವ ಮುನ್ನ, ಗಂಡನ ಮನೆಯಿಂದ ಹಿಂತಿರುಗಿದ ಮಗಳಿಗೆ ಅಲ್ಲಿ ಬಾಗಿಲು ತೆರೆದಿದೆಯೇ ಎಂದೂ ಕೇಳಬೇಕು.