ಕೈಬಿಟ್ಟ ಫೋನಿಗೆ ಕೈಮಗ್ಗದ ಪಾಠ

(ಉಪನ್ಯಾಸದ ಬರಹರೂಪ)



ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡವೆಂದರೆ ಖಣ. ರವಿಕೆಗೆಂದೇ ನೇಯ್ದು, ತ್ರಿಕೋನಾಕಾರದಲ್ಲಿ ಮಡಚಿಟ್ಟು ಮಾರುವ ಆ ಬಟ್ಟೆಯನ್ನು ಅರಿಯದ ಮನೆ ಉತ್ತರ ಕರ್ನಾಟಕದಲ್ಲಿ ವಿರಳ. ತೇರು, ತೊಟ್ಟಿಲು, ಆನೆಹೆಜ್ಜೆ ಮೊದಲಾದ ಅದರ ಚಿತ್ತಾರಗಳು ಬಟ್ಟೆಯ ಮೇಲೆ ಅಚ್ಚೊತ್ತಿದವಲ್ಲ. ಹೆಚ್ಚುವರಿ ಹಾಸಿನ ಎಳೆಗಳನ್ನು ಎತ್ತಿ ಇಳಿಸಿ ನೇಯ್ಗೆಯೊಳಗೇ ಮೂಡಿಸಿದವು. ಮಲೆನಾಡಿನ ಪರಿಸರಾಸಕ್ತರ ಮುಂದೆ ಬಯಲುಸೀಮೆಯ ಮಗ್ಗದ ಮಾತೇಕೆ ಎಂಬ ಪ್ರಶ್ನೆ ಸಹಜ. ಇಂದಿನ ವಿಷಯ ಕಂಪನಿ ಕೈಬಿಟ್ಟ ಸ್ಮಾರ್ಟ್‌ಫೋನು. ಒಂದು ಯಂತ್ರದ ಆಯುಷ್ಯವನ್ನು ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆಗೆ ಮಗ್ಗದಷ್ಟು ಸ್ಪಷ್ಟವಾದ ಉತ್ತರ ಬೇರೆಲ್ಲೂ ದೊರೆಯದು.

ಇಂಥ ಚಿತ್ತಾರದ ನೇಯ್ಗೆಗೆ ಬಳಸುವ ಡಾಬಿಯನ್ನು ನೋಡಿರಿ. ಅದರಲ್ಲಿ ಮರದ ಪಟ್ಟಿಗಳ ಒಂದು ಸರಪಳಿ. ಪಟ್ಟಿಯ ರಂಧ್ರದಲ್ಲಿ ಗೂಟವಿದ್ದರೆ ಅದಕ್ಕೆ ಸೇರಿದ ಎಳೆಗಳು ಮೇಲೇಳುತ್ತವೆ. ಇಲ್ಲದಿದ್ದರೆ ಕೆಳಗೇ ಉಳಿಯುತ್ತವೆ. ಪಟ್ಟಿಗಳು ಸರಿದಂತೆ ಹೊಕ್ಕಿನಿಂದ ಹೊಕ್ಕಿಗೆ ತೇರು ಬೆಳೆಯುತ್ತದೆ. ಗೂಟ ಉಂಟು, ಗೂಟ ಇಲ್ಲ ಎಂಬ ಈ ಎರಡು ಮಾತಿನ ಲಿಪಿಯೇ ಗಣಕದ ಭಾಷೆಯ ಬೇರು. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ಮಗ್ಗಕ್ಕೆ ತೂತಿನ ಕಾರ್ಡುಗಳನ್ನು ಅಳವಡಿಸಿದ. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಅನಾಲಿಟಿಕಲ್ ಎಂಜಿನ್ನಿಗೆ ಅದೇ ಬಗೆಯ ಕಾರ್ಡುಗಳನ್ನು ಯೋಜಿಸಿದ. ಚಿತ್ತಾರ ಬದಲಿಸಲು ನೇಕಾರನು ಗೂಟಗಳನ್ನು ಕಿತ್ತು ಮತ್ತೆ ಕೂರಿಸುತ್ತಾನೆ. ಅದಕ್ಕಾಗಿ ಮಗ್ಗ ಮಾಡಿದವನ ಅಪ್ಪಣೆ ಬೇಕಿಲ್ಲ. ಮಗ್ಗ ಮಾಡಿದವನು ತೀರಿಹೋದರೂ ಮಗ್ಗ ನಿಲ್ಲುವುದಿಲ್ಲ.

ಫೋನಿನ ಗತಿ ಹಾಗಲ್ಲ. ಅದರ ಪರದೆ, ಸಂಸ್ಕಾರಕ, ಸ್ಮೃತಿ ಎಲ್ಲವೂ ಸರಿಯಿದ್ದಾಗಲೇ ಅದು ‘ಸತ್ತಿತು’ ಎನಿಸಿಕೊಳ್ಳುತ್ತದೆ. ತಯಾರಕನು ತಂತ್ರಾಂಶದ ಪರಿಷ್ಕರಣೆಯನ್ನು ನಿಲ್ಲಿಸುತ್ತಾನೆ. ಅನಂತರ ಒಂದೊಂದೇ ಬಾಗಿಲು ಮುಚ್ಚುತ್ತದೆ. ಆಂಡ್ರಾಯ್ಡ್ ಕಿಟ್‌ಕ್ಯಾಟ್ ಆವೃತ್ತಿಯ ಫೋನುಗಳಲ್ಲಿ 2025ರ ಜನವರಿಯಿಂದ ವಾಟ್ಸ್‌ಆ್ಯಪ್ ನಡೆಯುವುದಿಲ್ಲ. ಜಾಲತಾಣದ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರಗಳ ಪಟ್ಟಿ ಹಳೆಯ ಆಂಡ್ರಾಯ್ಡ್‌ನಲ್ಲಿ ವ್ಯವಸ್ಥೆಯೊಳಗೇ ಹುದುಗಿದೆ. 7.1.1ಕ್ಕಿಂತ ಹಿಂದಿನ ಆವೃತ್ತಿಗಳ ಪಟ್ಟಿಯಲ್ಲಿ ಅಸಂಖ್ಯ ತಾಣಗಳು ನೆಚ್ಚಿರುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮೂಲಪತ್ರವಿಲ್ಲ. ಅವುಗಳಿಗಾಗಿ ಮಾಡಿದ್ದ ತಾತ್ಕಾಲಿಕ ಏರ್ಪಾಡು 2024ರಲ್ಲಿ ಮುಗಿಯಿತು. ಇಲ್ಲಿ ಸವೆದದ್ದು ಯಂತ್ರವಲ್ಲ, ಪಟ್ಟಿ.

ಇದರ ಬೆಲೆಯನ್ನು ತೆರುವುದು ಭೂಮಿ. ಸ್ಮಾರ್ಟ್‌ಫೋನಿನ ಜೀವಿತಾವಧಿಯ ಇಂಗಾಲದ ಹೊರೆಯಲ್ಲಿ ಬಹುಪಾಲು ಅದರ ತಯಾರಿಕೆಯಲ್ಲಿಯೇ ಮುಗಿದಿರುತ್ತದೆ. ಚಾರ್ಜು ಮಾಡುವ ವಿದ್ಯುತ್ತಿನ ಪಾಲು ಕಿರಿದು. ಆದುದರಿಂದ ಎರಡು ವರ್ಷಕ್ಕೊಂದು ‘ಮಿತವ್ಯಯಿ’ ಫೋನು ಕೊಳ್ಳುವುದು ಪರಿಸರಸ್ನೇಹವಲ್ಲ. ಇರುವುದನ್ನು ಬಳಸುತ್ತ ಹೋಗುವುದೇ ಪರಿಸರಸ್ನೇಹ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿಯಂತೆ, 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಹೊರಹಾಕಿತು. ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಗೆ ಹೋದದ್ದು ಶೇಕಡಾ 22.3 ಮಾತ್ರ.

ಹಾಗಾದರೆ ಕಪಾಟಿನಲ್ಲಿರುವ ಫೋನಿನಿಂದ ಏನಾದೀತು? ಅದರೊಳಗೆ ಸಾಮಾನ್ಯೋದ್ದೇಶದ ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ಕೂರಿಸಿದರೆ ಅದು ಮತ್ತೆ ಗಣಕವಾಗುತ್ತದೆ. ಆ್ಯಪ್ ಎಂಬುದು ಬೇರೊಬ್ಬರು ಕೂರಿಸಿ ಬೀಗ ಹಾಕಿದ ಗೂಟಗಳ ಸರಪಳಿ. ಭಾಷೆಯಾದರೋ ಬಿಡಿ ಗೂಟಗಳ ಚೀಲ. ಆಂಡ್ರಾಯ್ಡ್ 7 ಮತ್ತು ಅನಂತರದ ಫೋನುಗಳಲ್ಲಿ ಟರ್ಮಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಎಫ್-ಡ್ರಾಯ್ಡ್ ಭಂಡಾರದಿಂದ ಪಡೆದು, ಅದರೊಳಗೆ ಪೈಥಾನ್ ಭಾಷೆಯನ್ನು ಸ್ಥಾಪಿಸಬಹುದು. ಸ್ಥಾಪನೆಗೆ ಒಮ್ಮೆ ಅಂತರಜಾಲ ಬೇಕು, ಆಮೇಲೆ ಬೇಡ. ಫೋನಿನ ಮೂಲ ವ್ಯವಸ್ಥೆಯನ್ನು ಮುರಿಯುವ ಪ್ರಮೇಯವೂ ಇಲ್ಲ.

ಗುಳೇದಗುಡ್ಡದ ಮಗ್ಗದ ಮನೆಗೆ ಇದರಿಂದ ಒದಗಬಹುದಾದ ಕೆಲಸಗಳನ್ನು ಎಣಿಸಿ. ತೇರಿನ ಎಡ ಬಲ ಭಾಗಗಳು ಒಂದನ್ನೊಂದು ಹೋಲುತ್ತವೆ. ಅರ್ಧ ಚಿತ್ತಾರವನ್ನು ಚುಕ್ಕೆ ಮತ್ತು ಗೀಟುಗಳಲ್ಲಿ ಬರೆದುಕೊಟ್ಟರೆ ಉಳಿದರ್ಧವನ್ನು ಪ್ರೋಗ್ರಾಮು ತಾನೇ ತುಂಬೀತು. ಪ್ರತಿ ಸಾಲಿನ ಗೂಟಗಳ ಪಟ್ಟಿಯನ್ನೂ ಬರೆದುಕೊಟ್ಟೀತು. ಇನ್ನೂ ಮುಖ್ಯವಾದುದು ತಪ್ಪಿನ ಪರೀಕ್ಷೆ. ಒಂದು ಎಳೆ ಹಲವು ಹೊಕ್ಕುಗಳ ಮೇಲೆ ಕಟ್ಟಿಲ್ಲದೆ ತೇಲಿದರೆ, ಉಟ್ಟವರ ಬಳೆಗೋ ಉಗುರಿಗೋ ಸಿಕ್ಕಿ ಹರಿಯುತ್ತದೆ. ಅಂಥ ಉದ್ದ ತೇಲುಗಳನ್ನು ನೇಯುವ ಮೊದಲೇ ಗುರುತಿಸಲು ಹತ್ತಿಪ್ಪತ್ತು ಸಾಲಿನ ಪೈಥಾನ್ ಸಾಕು. ಒಂದು ಗೂಟದ ತಪ್ಪು ಆವರ್ತನೆಯಾದಂತೆಲ್ಲ ಮರುಕಳಿಸುವುದರಿಂದ ಈ ಮುನ್ನೆಚ್ಚರಿಕೆಗೆ ಬೆಲೆಯಿದೆ.

ನೂಲಿನ ಲೆಕ್ಕವೂ ಹಾಗೆಯೇ. ಒಂದನೇ ನಂಬರಿನ ಹತ್ತಿ ನೂಲು ಕಿಲೋಗೆ ಸುಮಾರು 1,693 ಮೀಟರ್ ಉದ್ದ. 60ನೇ ನಂಬರಿನದು ಅದರ 60 ಪಟ್ಟು, ಅಂದರೆ ಸುಮಾರು 1,01,600 ಮೀಟರ್. ಉದಾಹರಣೆಗೆ 2,000 ಎಳೆಗಳ 40 ಮೀಟರ್ ಹಾಸಿಗೆ 80,000 ಮೀಟರ್ ನೂಲು, ತೂಕದಲ್ಲಿ ಸುಮಾರು 790 ಗ್ರಾಂ ಬೇಕು. ಬಣ್ಣ, ವ್ಯರ್ಥ, ಕೂಲಿ ಸೇರಿಸುತ್ತ ಹೋದರೆ ಒಂದು ಖಣಕ್ಕೆ ಬಿದ್ದ ಅಸಲು ನೇಕಾರನ ಕೈಯಲ್ಲೇ ನಿಲ್ಲುತ್ತದೆ. ತನ್ನ ಅಸಲನ್ನು ತಾನೇ ಅರಿತವನು ವ್ಯಾಪಾರಿಯ ಎದುರು ಕುಳಿತು ಮಾತಾಡುವ ಬಗೆಯೇ ಬೇರೆ. ಪೈಥಾನ್‌ನ ಮೂರನೆಯ ಆವೃತ್ತಿಯಲ್ಲಿ ‘ಎಳೆ’, ‘ಉದ್ದ’, ‘ಕೂಲಿ’ ಎಂಬ ಕನ್ನಡ ಪದಗಳನ್ನೇ ಲೆಕ್ಕದ ಹೆಸರುಗಳಾಗಿ ಬಳಸಬಹುದು. ಟರ್ಮಕ್ಸ್ ಪರದೆಯ ಮೇಲೆ ಒತ್ತಕ್ಷರಗಳು ಚೆನ್ನಾಗಿ ಮೂಡವು. ಫಲಿತಾಂಶವನ್ನು ಕಡತಕ್ಕೆ ಬರೆಸಿ ಬ್ರೌಸರಿನಲ್ಲಿ ತೆರೆದರೆ ತೊಡಕು ನೀಗುತ್ತದೆ.

ಮಲೆನಾಡಿನ ಅಡಿಕೆ ಬೆಳೆಗಾರನಿಗೂ ಇದು ಅನ್ವಯಿಸುತ್ತದೆ. ದಿನದ ಮಳೆಯನ್ನು ನಮೂದಿಸುತ್ತ ಹೋದರೆ, ಕೊಳೆರೋಗಕ್ಕೆ ಕಳೆದ ಬಾರಿ ಬೋರ್ಡೋ ಸಿಂಪಡಿಸಿ ಎಷ್ಟು ದಿನವಾಯಿತು, ಅಷ್ಟರೊಳಗೆ ಎಷ್ಟು ಮಳೆ ಸುರಿಯಿತು, 40-45 ದಿನಗಳ ಅಂತರ ಎಂದು ತುಂಬುತ್ತದೆ ಎಂಬುದನ್ನು ಸಿಗ್ನಲ್ ಇಲ್ಲದ ತೋಟದಲ್ಲೂ ಆ ಹಳೆಯ ಫೋನೇ ಹೇಳೀತು.

ಮಿತಿಗಳನ್ನು ಮರೆಮಾಚಬಾರದು. ಪರಿಷ್ಕರಣೆ ನಿಂತ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಸಲ್ಲದು. ಖಾಸಗಿ ದಾಖಲೆಗಳೂ ಬೇಡ. ಸಿಮ್ ತೆಗೆದು, ಜಾಲದಿಂದ ಬೇರ್ಪಡಿಸಿ ಲೆಕ್ಕದ ಯಂತ್ರವಾಗಿ ಇಟ್ಟುಕೊಳ್ಳುವುದೇ ಕ್ಷೇಮ. ಬ್ಯಾಟರಿ ಉಬ್ಬಿದ್ದರೆ ಅದನ್ನು ಚುಚ್ಚದೆ, ಚಾರ್ಜು ಮಾಡದೆ ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಬೇಕು. ಆಂಡ್ರಾಯ್ಡ್ 5 ಮತ್ತು 6ಕ್ಕೆ ಟರ್ಮಕ್ಸ್‌ನ ಭಂಡಾರವೂ 2020ರಲ್ಲಿ ಪರಿಷ್ಕರಣೆ ನಿಲ್ಲಿಸಿತು. ಇನ್ನೂ ಹಳೆಯ ಯಂತ್ರಗಳಿಗೆ, 2017ರಲ್ಲಿ ಬೆಳಕಿಗೆ ಬಂದ ಪೋಸ್ಟ್‌ಮಾರ್ಕೆಟ್‌ಓಎಸ್‌ನಂಥ ಲಿನಕ್ಸ್ ವ್ಯವಸ್ಥೆ ಕೆಲವು ಮಾದರಿಗಳಲ್ಲಿ ಮಾತ್ರ ನಡೆಯುತ್ತದೆ. ಫೋನಿಗೆ ಹತ್ತು ವರ್ಷದ ಬಾಳಿಕೆ ಕೊಡಬೇಕೆಂಬುದು ಅದರ ಗುರಿ. ಆದರೆ ತಯಾರಕನು ಬೂಟ್‌ಲೋಡರಿಗೆ ಬೀಗ ಜಡಿದಿದ್ದರೆ ಅಲ್ಲಿಗೆ ದಾರಿ ಮುಗಿಯುತ್ತದೆ. ತಾನು ಇನ್ನು ತೆರೆಯಲೊಲ್ಲದ ಮನೆಯ ಕೀಲಿಯನ್ನು ಆತ ಮಾಲೀಕನಿಗೂ ಕೊಡುವುದಿಲ್ಲ.

ಕರ್ನಾಟಕಕ್ಕೆ ಬೇರೆ ದಾರಿಯೂ ಗೊತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಪ್ರಕಟವಾಯಿತು. ಅಂಗೈಯ ಆ ಗಣಕ ಲಿನಕ್ಸ್ ಮೇಲೆ ನಡೆಯುತ್ತಿತ್ತು. ಅದರ ಯಂತ್ರಾಂಶದ ವಿನ್ಯಾಸಕ್ಕೂ ಮುಕ್ತ ಪರವಾನಗಿಯಿತ್ತು. ಒಂದೇ ಯಂತ್ರವನ್ನು ಊರಿನ ಹಲವರು ಸ್ಮಾರ್ಟ್ ಕಾರ್ಡ್ ಹಾಕಿ ಹಂಚಿಕೊಳ್ಳಬಹುದಿತ್ತು. 2004ರಲ್ಲಿ ಮಾರಾಟಕ್ಕೆ ಬಂದರೂ ಅದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಬೀಗ ಹಾಕಿದ ಫೋನುಗಳು ಗೆದ್ದವು. ಆದರೆ ತೆರೆದ ಯಂತ್ರವನ್ನು ಬಡವರ ಕೈಗೆ ಕೊಡಬೇಕೆಂಬ ವಿಚಾರ ಸೋತಿಲ್ಲ.

ಈಗ ಕೇಳಬೇಕಾದುದು ಕಾನೂನಿನ ಬಲ. ಯುರೋಪ್ ಒಕ್ಕೂಟದ ನಿಯಮವು 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟ ಮುಗಿದ ಮೇಲೂ ಐದು ವರ್ಷ ತಂತ್ರಾಂಶದ ಪರಿಷ್ಕರಣೆ ದೊರೆಯಬೇಕೆಂದು ವಿಧಿಸಿದೆ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿತು. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳು ತ್ಯಾಜ್ಯದ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಆದರೆ ತ್ಯಾಜ್ಯವಾದ ಮೇಲಿನ ಹೊಣೆಗಿಂತ ತ್ಯಾಜ್ಯವಾಗದಂತೆ ತಡೆಯುವ ಹೊಣೆ ದೊಡ್ಡದು. ಬೆಂಬಲ ನಿಲ್ಲಿಸುವ ದಿನವೇ ಬೂಟ್‌ಲೋಡರಿನ ಕೀಲಿಯನ್ನು ಕೊಂಡವರಿಗೆ ಒಪ್ಪಿಸಬೇಕೆಂಬುದು ಪರಿಸರ ಚಳವಳಿಗಳ ಬೇಡಿಕೆಯ ಪಟ್ಟಿಯಲ್ಲಿ ಸೇರಬೇಕು.

ಅಲ್ಲಿಯವರೆಗೆ ಪ್ರತಿ ಮನೆಯೂ ಒಂದು ಕೆಲಸ ಮಾಡಬಹುದು. ಕಪಾಟಿನ ಫೋನನ್ನು ಗುಜರಿಗೆ ಹಾಕುವ ಮೊದಲು ಚಾರ್ಜು ಮಾಡಿ, ಶಾಲೆಗೆ ಹೋಗುವ ಮಗುವಿನ ಕೈಗಿಟ್ಟು, ಮನೆಯ ಒಂದು ಲೆಕ್ಕವನ್ನು ಅದರಲ್ಲಿ ಬರೆಸಿರಿ. ಖಣದ ಮಗ್ಗದಲ್ಲಿ ಹಳೆಯ ಪಟ್ಟಿಗೆ ಹೊಸ ಗೂಟ ಕೂರಿಸಿದಷ್ಟೇ ಸಹಜವಾದ ಕೆಲಸ ಅದು.